ಫೋರ್ಟಿಂಗಲ್‌ನ ಚರ್ಚು ಮತ್ತು ಅದರ ಅಂಗಳದ ಯೂ ಮರ

ಸಭಿಕರೇ,

ಸ್ಕಾಟ್ಲೆಂಡಿನ ಪರ್ತ್‌ಶೈರ್ ಸೀಮೆಯಲ್ಲಿ, ಗ್ಲೆನ್ ಲಯನ್ ಎಂಬ ಉದ್ದನೆಯ ಕಣಿವೆಯ ಬಾಯಿಯಲ್ಲಿ ಫೋರ್ಟಿಂಗಲ್ ಎಂಬ ಸಣ್ಣ ಹಳ್ಳಿಯಿದೆ. ಅಲ್ಲಿನ ಚರ್ಚಿನ ಅಂಗಳದಲ್ಲಿ, ಸಮಾಧಿಗಳ ಪಕ್ಕದಲ್ಲೇ, ಗಿಡ್ಡ ಕಲ್ಲುಗೋಡೆಯ ಒಳಗೆ ಯೂ ಎಂಬ ಸೂಜಿಯೆಲೆಯ ಜಾತಿಯ ಒಂದು ಮರ ನಿಂತಿದೆ. ಬ್ರಿಟನ್ನಿನ ಅತ್ಯಂತ ಹಳೆಯ ಮರವೆಂದೂ, ಕೆಲವರ ಬಾಯಲ್ಲಿ ಇಡೀ ಯುರೋಪಿನ ಅತ್ಯಂತ ಹಳೆಯ ಮರವೆಂದೂ ಅದಕ್ಕೆ ಹೆಸರಿದೆ. ಈ ಹೆಸರನ್ನು ಕೇಳಿಕೊಂಡು ದೂರದಿಂದ ಬಂದವರಿಗೆ ಮೊದಲ ನೋಟದಲ್ಲಿ ನಿರಾಸೆಯಾಗುವುದೇ ಹೆಚ್ಚು. ಅಲ್ಲಿ ಮುಗಿಲು ಮುಟ್ಟುವ ಎತ್ತರವಿಲ್ಲ, ತಬ್ಬಲಾಗದ ಕಾಂಡವೂ ಇಲ್ಲ. ಬೇರೆಬೇರೆಯಾಗಿ ಎದ್ದ ಕೆಲವು ಗಂಟುಗಂಟಾದ ಬೊಡ್ಡೆಗಳು, ಅವುಗಳ ಮೇಲೆ ಕಡುಹಸಿರು ಎಲೆಯ ದಟ್ಟ ಚಪ್ಪರ, ನಡುವೆ ಬರಿಯ ನೆಲ, ಇಷ್ಟೇ ಕಾಣುತ್ತದೆ. ಆ ಬೊಡ್ಡೆಗಳನ್ನು ಬಳಸಿಕೊಂಡು ನೆಲದಲ್ಲಿ ಗಿಡ್ಡ ಗೂಟಗಳನ್ನು ನೆಟ್ಟಿರುವುದನ್ನು ಯಾರಾದರೂ ತೋರಿಸಿಕೊಟ್ಟರೆ ಆಗ ವಿಷಯ ಮನಸ್ಸಿಗೆ ಇಳಿಯುತ್ತದೆ. ಇವು ಹಲವು ಮರಗಳಲ್ಲ, ಒಂದೇ ಕಾಂಡದ ಉಳಿದ ಅಂಚುಗಳು. ಆ ಕಾಂಡ ಒಂದು ಕಾಲದಲ್ಲಿ ಎಲ್ಲಿಯವರೆಗೆ ಹರಡಿತ್ತು ಎಂಬುದನ್ನು ಗೂಟಗಳು ಹೇಳುತ್ತವೆ.

ಈ ಅಳತೆ ನಮಗೆ ಬಂದದ್ದು 1769ರಿಂದ. ಆ ವರ್ಷ ಇಬ್ಬರು ಈ ಮರವನ್ನು ಅಳೆದು ಬರೆದಿಟ್ಟರು. ನ್ಯಾಯಾಧೀಶರೂ ನಿಸರ್ಗ ವಿಷಯಗಳಲ್ಲಿ ಆಸಕ್ತರೂ ಆಗಿದ್ದ ಡೇನ್ಸ್ ಬ್ಯಾರಿಂಗ್ಟನ್ ಅವರಿಗೆ ಸಿಕ್ಕ ಸುತ್ತಳತೆ 52 ಅಡಿ. ಸ್ಕಾಟ್ಲೆಂಡ್ ಪ್ರವಾಸಕ್ಕೆ ಬಂದಿದ್ದ ವೇಲ್ಸ್‌ನ ನಿಸರ್ಗತಜ್ಞ ಥಾಮಸ್ ಪೆನಂಟ್ ಅವರಿಗೆ ಸಿಕ್ಕದ್ದು ಐವತ್ತಾರೂವರೆ ಅಡಿ. ಒಂದೇ ವರ್ಷದಲ್ಲಿ, ಒಂದೇ ಮರಕ್ಕೆ ನಾಲ್ಕೂವರೆ ಅಡಿಗಳ ಅಂತರ. ಇದನ್ನು ಕಂಡು ಇಬ್ಬರಲ್ಲಿ ಒಬ್ಬರು ಅಜಾಗರೂಕರು ಎಂದು ತೀರ್ಮಾನಿಸಬೇಕಾಗಿಲ್ಲ. ಹಳೆಯ ಯೂ ಮರದ ಬುಡ ನೆಲದ ಹತ್ತಿರ ಅಗಲಿಸಿಕೊಂಡಿರುತ್ತದೆ, ಮೈತುಂಬ ಉಬ್ಬುತಗ್ಗುಗಳಿರುತ್ತವೆ, ಅಲ್ಲಲ್ಲಿ ಚಿಗುರಿನ ಗೊಂಚಲುಗಳು ಎದ್ದಿರುತ್ತವೆ. ಟೇಪನ್ನು ಒಂದಡಿ ಮೇಲೆ ಹಿಡಿದರೆ ಒಂದು ಲೆಕ್ಕ, ಕೆಳಗೆ ಹಿಡಿದರೆ ಇನ್ನೊಂದು. ಅದಲ್ಲದೆ ಆ ಹೊತ್ತಿಗಾಗಲೇ ಕಾಂಡ ಸೀಳಿ ಹೋಗಿತ್ತು. ಪೆನಂಟ್ ತಮ್ಮ ಪ್ರವಾಸ ಕಥನದಲ್ಲಿ ಇದನ್ನು ಮರದ ಅವಶೇಷವೆಂದೇ ಕರೆದಿದ್ದಾರೆ. ಇಲ್ಲದ ಕಾಂಡದ ಸುತ್ತ ಹಗ್ಗ ಹಿಡಿದ ಇಬ್ಬರಿಗೂ ಇಷ್ಟು ಹತ್ತಿರದ ಉತ್ತರ ಬಂದದ್ದೇ ದೊಡ್ಡದು ಎಂದು ನನಗೆ ಅನ್ನಿಸುತ್ತದೆ.

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರೋಣ: ಇದಕ್ಕೆ ಎಷ್ಟು ವಯಸ್ಸು? ಎರಡು ಸಾವಿರ, ಮೂರು ಸಾವಿರ, ಐದು ಸಾವಿರ ವರ್ಷ ಎಂಬ ಉತ್ತರಗಳೆಲ್ಲ ಚಲಾವಣೆಯಲ್ಲಿವೆ. ಒಂಬತ್ತು ಸಾವಿರ ಎಂದವರೂ ಇದ್ದಾರೆ. ಇಷ್ಟೊಂದು ಅಂತರವಿರುವ ಉತ್ತರಗಳು ಒಂದೇ ಮರದಿಂದ ಹೇಗೆ ಹುಟ್ಟುತ್ತವೆ ಎಂಬುದನ್ನು ಸರಳ ಗಣಿತದಿಂದ ತೋರಿಸಬಹುದು. ಬ್ಯಾರಿಂಗ್ಟನ್ ಕೊಟ್ಟ 52 ಅಡಿಗಳೆಂದರೆ ಸುಮಾರು 16 ಮೀಟರ್ ಸುತ್ತಳತೆ. ಅಂಥ ಕಾಂಡದ ನಡುವಿನಿಂದ ತೊಗಟೆಯವರೆಗಿನ ದೂರ ಸುಮಾರು ಎರಡೂವರೆ ಮೀಟರ್. ವರ್ಷಕ್ಕೆ ಒಂದು ಮಿಲಿಮೀಟರ್ ದಪ್ಪದ ಉಂಗುರ ಕೂಡುತ್ತಾ ಬಂದಿದ್ದರೆ 1769ರಲ್ಲಿ ಮರಕ್ಕೆ 2,500 ವರ್ಷ. ಅರ್ಧ ಮಿಲಿಮೀಟರ್ ಎಂದುಕೊಂಡರೆ 5,000. ಎರಡು ಮಿಲಿಮೀಟರ್ ಎಂದುಕೊಂಡರೆ 1,250. ಕೂದಲೆಳೆಯಷ್ಟು ಊಹೆಯನ್ನು ಬದಲಾಯಿಸಿದರೆ ಸಾಕು, ಸಾವಿರಾರು ವರ್ಷ ಕೂಡುತ್ತವೆ ಅಥವಾ ಕಳೆಯುತ್ತವೆ. ಯೂ ಮರವಂತೂ ಇಂಥ ಲೆಕ್ಕಕ್ಕೆ ಒಗ್ಗುವ ಮರವೇ ಅಲ್ಲ. ಎಳೆತನದಲ್ಲಿ ಅದು ಚುರುಕಾಗಿ ದಪ್ಪವಾಗುತ್ತದೆ, ಆಮೇಲೆ ನಿಧಾನಿಸುತ್ತದೆ, ಕೆಲವೊಮ್ಮೆ ಬಹಳ ದೀರ್ಘ ಕಾಲ ಬೆಳೆಯುವುದನ್ನು ನಿಲ್ಲಿಸಿಬಿಟ್ಟಂತೆಯೇ ಇರುತ್ತದೆ, ಮತ್ತೆ ಯಾವಾಗಲೋ ಹೊಸ ಹುರುಪು ತಳೆಯುತ್ತದೆ.

ಹಾಗಾದರೆ ಉಂಗುರಗಳನ್ನೇ ಎಣಿಸಬಹುದಲ್ಲ, ಇಂಗಾಲದ ಪರೀಕ್ಷೆ ಮಾಡಬಹುದಲ್ಲ ಎಂದರೆ, ಅದಕ್ಕೆ ಬೇಕಾದ ಮರವೇ ಅಲ್ಲಿ ಉಳಿದಿಲ್ಲ. ಯಾವ ಮರದಲ್ಲೇ ಆಗಲಿ ಅತ್ಯಂತ ಹಳೆಯ ಭಾಗ ಕಾಂಡದ ನಟ್ಟನಡುವೆ ಇರುತ್ತದೆ. ಯೂ ಮರ ಕೆಲವು ನೂರು ವರ್ಷ ಕಳೆಯುತ್ತಿದ್ದಂತೆ ಒಳಗಿನಿಂದ ಟೊಳ್ಳಾಗುತ್ತಾ ಹೋಗುವುದರಿಂದ, ಅದರ ಜನ್ಮದಾಖಲೆ ಮೊದಲು ಮಣ್ಣಾಗುತ್ತದೆ. ಉಳಿದ ಹೊರಚಿಪ್ಪನ್ನು ಪರೀಕ್ಷಿಸಿದರೆ ಆ ಚಿಪ್ಪಿನ ವಯಸ್ಸಷ್ಟೇ ತಿಳಿಯುತ್ತದೆ. ಹೀಗಾಗಿಯೇ ಬ್ರಿಟನ್ನಿನಲ್ಲಿ ಈ ಮರಗಳ ಪಟ್ಟಿ ಮಾಡುವವರು ಒಂದೊಂದು ಮರಕ್ಕೂ ಹುಟ್ಟಿದ ವರ್ಷವನ್ನು ಬರೆಯುವ ಗೋಜಿಗೆ ಹೋಗದೆ, 800 ವರ್ಷ ದಾಟಿದವನ್ನು ಪುರಾತನವೆಂದೂ 500 ದಾಟಿದವನ್ನು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೂ ಇಟ್ಟು ಸುಮ್ಮನಾಗುತ್ತಾರೆ. ಅದು ವಿವೇಕದ ದಾರಿ.

ನಿಖರವಾದ ವಯಸ್ಸು ಸಿಕ್ಕದಿದ್ದರೂ ಇನ್ನೊಂದು ಪ್ರಶ್ನೆಗೆ ಉತ್ತರ ಸಿಗುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಮುಖ್ಯವಾದ ಪ್ರಶ್ನೆ: ಮರ ಮೊದಲೋ, ಚರ್ಚು ಮೊದಲೋ? ಫೋರ್ಟಿಂಗಲ್‌ನ ಚರ್ಚು ಹಿಂದೆ ಕೋಯೆಡ್ಡಿ ಎಂಬ ಸಂತನ ಹೆಸರಿನಲ್ಲಿತ್ತು. ಅಯೋನಾ ದ್ವೀಪದ ಮಠದ ಬಿಷಪರಾಗಿದ್ದ ಅವರು ತೀರಿಕೊಂಡದ್ದು 712ರಲ್ಲಿ. ಊರಿನ ಹೊಲಗಳ ಮೇಲೆ ವಿಮಾನದಿಂದ ತೆಗೆದ ಚಿತ್ರಗಳಲ್ಲಿ, ನೆಲದಡಿ ಹೂತುಹೋದ ಹಳೆಯ ಆವರಣದ ಗುರುತುಗಳು ಬೆಳೆಯ ಬಣ್ಣದ ವ್ಯತ್ಯಾಸದಲ್ಲಿ ಕಾಣಿಸಿಕೊಂಡಿವೆ. ಇಲ್ಲೊಂದು ಮಠವಿತ್ತು ಎಂಬ ಮಾತಿಗೆ ಇದು ಬಲ ಕೊಡುತ್ತದೆ. ಅಂದರೆ ಇಲ್ಲಿ ಕ್ರೈಸ್ತ ಪೂಜೆ ಆರಂಭವಾಗಿ ಸುಮಾರು 1,300 ವರ್ಷ ಎನ್ನಬಹುದು. ಈಗ ಹಿಂದಿನ ಲೆಕ್ಕಕ್ಕೆ ಹಿಂತಿರುಗಿ, ಮರದ ಪರವಾಗಿ ಏನನ್ನೂ ಹಿಗ್ಗಿಸದೆ, ವರ್ಷಕ್ಕೆ ಎರಡು ಮಿಲಿಮೀಟರ್ ಎಂಬ ಧಾರಾಳವಾದ ಬೆಳವಣಿಗೆಯನ್ನೇ ಇಟ್ಟುಕೊಂಡರೂ, 1769ರಿಂದ 1,250 ವರ್ಷ ಹಿಂದೆ ಹೋದರೆ ನಾವು ಆರನೆಯ ಶತಮಾನದ ಆರಂಭಕ್ಕೆ ಬಂದು ನಿಲ್ಲುತ್ತೇವೆ. ಕೋಯೆಡ್ಡಿ ಹುಟ್ಟುವುದಕ್ಕೂ ಮೊದಲೇ ಮರ ಅಲ್ಲಿತ್ತು. ಹಲವು ಕಾಂಡಗಳು ಕೂಡಿ ಬೆಸೆದು ಒಂದಾಗಿರಬಹುದೆಂಬ ಆಕ್ಷೇಪಕ್ಕೆ ಇಲ್ಲಿ ಜಾಗವಿದೆ ಎಂಬುದನ್ನು ಒಪ್ಪಿಕೊಂಡೇ ಹೇಳುವುದಾದರೆ, ಚರ್ಚಿನ ಅಂಗಳದಲ್ಲಿ ಮರ ನೆಟ್ಟರು ಎನ್ನುವುದಕ್ಕಿಂತ ಮರದ ಬಳಿ ಚರ್ಚು ಕಟ್ಟಿದರು ಎನ್ನುವುದೇ ಹೆಚ್ಚು ಸಂಭವನೀಯ.

ಚರ್ಚಿನ ಕಟ್ಟಡದ ಕಥೆ ಇದಕ್ಕೆ ತದ್ವಿರುದ್ಧ. ಇಂದು ಅಲ್ಲಿ ಕಾಣುವ ಕಟ್ಟಡ ಹಳೆಯದೇ ಅಲ್ಲ. 1901ರ ಸುಮಾರಿಗೆ ಹಿಂದಿನ ಚರ್ಚನ್ನು ಕೆಡವಿ ಹೊಸದನ್ನು ಕಟ್ಟಲಾಯಿತು. ಹಡಗು ಕಂಪನಿಯ ಒಡೆಯರಾಗಿದ್ದ ಸರ್ ಡೊನಾಲ್ಡ್ ಕರಿ ಅವರು 1885ರಲ್ಲಿ ಗ್ಲೆನ್‌ಲಯನ್ ಜಮೀನನ್ನು ಕೊಂಡು, ಹುಲ್ಲು ಹೊದಿಸಿದ ಚಂದದ ಮನೆಗಳನ್ನು ಕಟ್ಟಿಸಿ ಇಡೀ ಊರಿನ ರೂಪವನ್ನೇ ಬದಲಾಯಿಸಿದವರು. ಹಳೆಯ ಚರ್ಚನ್ನು ಕೆಡವುವಾಗ ಅದರ ಗೋಡೆಗಳಲ್ಲಿ ಕೆತ್ತನೆಯ ಶಿಲುಬೆಗಲ್ಲುಗಳ ತುಂಡುಗಳು ಸಿಕ್ಕಿದವು. ಯಾವುದೋ ಶತಮಾನದ ಗಾರೆಯವನಿಗೆ ಅವು ಕೈಗೆ ಸಿಕ್ಕ ಕಲ್ಲುಗಳಷ್ಟೇ ಆಗಿದ್ದವು. ಆ ಆದಿಕಾಲದ ಇನ್ನೊಂದು ವಸ್ತುವೆಂದರೆ ಕಬ್ಬಿಣದ ಕೈಗಂಟೆ. ಅದನ್ನು ಚರ್ಚಿನ ಗೋಡೆಯ ಗೂಡಿನಲ್ಲಿ ಸರಳುಗಳ ಹಿಂದೆ ಬೀಗ ಹಾಕಿ ಇಟ್ಟಿದ್ದರು. 2017ರಲ್ಲಿ ಅದು ಕಳುವಾಯಿತು. ಹೀಗೆ ಕಟ್ಟಡ ಬದಲಾಯಿತು, ಗಂಟೆ ಹೋಯಿತು, ಸಂತನ ಹೆಸರು ಜನರ ನಾಲಿಗೆಯಿಂದ ಜಾರಿತು. ಆ ಆವರಣದಲ್ಲಿ ಮೊದಲ ಪಾದ್ರಿ ಕಂಡಿದ್ದ ವಸ್ತುಗಳಲ್ಲಿ ಇನ್ನೂ ನಿಂತಲ್ಲೇ ಇರುವುದು ಮರವೊಂದೇ.

ಇಲ್ಲಿ ಒಂದು ದಂತಕಥೆಯನ್ನು ಬೇಗ ಮುಗಿಸಿಬಿಡುತ್ತೇನೆ. ಏಸುವಿಗೆ ಮರಣದಂಡನೆ ವಿಧಿಸಿದ ಪೊಂತಿಯ ಪಿಲಾತ ಹುಟ್ಟಿದ್ದು ಫೋರ್ಟಿಂಗಲ್‌ನಲ್ಲಿ, ಈ ಮರದ ನೆರಳಲ್ಲಿ ಆಡಿ ಬೆಳೆದ ಎಂದು ಹೇಳುವುದುಂಟು. ಪಿಲಾತ ರೋಮನ್ನರ ಪರವಾಗಿ ಯೂದಾಯ ಪ್ರಾಂತ್ಯದ ಅಧಿಪತಿಯಾಗಿದ್ದುದು ಕ್ರಿ.ಶ. 26ರಿಂದ 36ರವರೆಗೆ. ರೋಮನ್ನರು ಬ್ರಿಟನ್ನನ್ನು ಗೆಲ್ಲಲು ಸೈನ್ಯ ಇಳಿಸಿದ್ದು ಕ್ರಿ.ಶ. 43ರಲ್ಲಿ, ಸ್ಕಾಟ್ಲೆಂಡಿನ ಈ ಭಾಗದತ್ತ ಅವರ ಪಡೆ ಬರುವಷ್ಟರಲ್ಲಿ ಇನ್ನೂ ಮೂರು ದಶಕಗಳು ಕಳೆದಿದ್ದವು. ಕಥೆ ಪ್ರವಾಸಿಗರಿಗೆ ಚೆನ್ನಾಗಿದೆ, ಅಷ್ಟೇ.

ಕಾಂಡ ಹೀಗೆ ಚೂರುಚೂರಾದದ್ದು ಹೇಗೆ ಎಂಬುದಕ್ಕೆ ಮಾತ್ರ ದಂತಕಥೆಯ ನೆರವು ಬೇಕಿಲ್ಲ, ಬರವಣಿಗೆಯ ಸಾಕ್ಷ್ಯವೇ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ಪಾದ್ರಿಯೊಬ್ಬರು ತಮ್ಮ ಪ್ಯಾರಿಷ್‌ನ, ಅಂದರೆ ಚರ್ಚಿನ ವ್ಯಾಪ್ತಿಯ ಸೀಮೆಯ, ವಿವರ ಬರೆಯುವಾಗ, ಎಂಬತ್ತು ದಾಟಿದ ಊರಿನ ಮುದುಕನೊಬ್ಬ ತಮಗೆ ಹೇಳಿದ ಮಾತನ್ನು ದಾಖಲಿಸಿದ್ದಾರೆ. ತಾನು ಶಾಲೆಗೆ ಹೋಗುವ ಹುಡುಗನಾಗಿದ್ದಾಗ ಕಾಂಡದ ಎರಡು ಹೋಳುಗಳ ನಡುವಿನ ಸಂದಿಯಲ್ಲಿ ತೂರುವುದೇ ಕಷ್ಟವಾಗಿತ್ತು ಎಂದು ಆ ಮುದುಕ ಹೇಳಿದ್ದನಂತೆ; ಪಾದ್ರಿಗಳು ಬರೆಯುವ ಹೊತ್ತಿಗೆ ಆ ಸಂದಿಯಲ್ಲಿ ನಾಲ್ಕು ಕುದುರೆಯ ಸಾರೋಟೇ ಹಾದುಹೋಗಬಹುದಿತ್ತು. ಕೆಲವೇ ತಲೆಮಾರುಗಳಲ್ಲಿ ಇಷ್ಟು ಹಾಳಾಗಲು ಕಾರಣವನ್ನೂ ಅವರು ಕೊಡುತ್ತಾರೆ: ಬೇಸಿಗೆಯ ಆರಂಭವನ್ನು ಸಾರುವ ಬೆಲ್ಟೇನ್ ಹಬ್ಬದಲ್ಲಿ ಊರಿನ ಹುಡುಗರು ಮರದ ಬುಡದಲ್ಲೇ ಬೆಂಕಿ ಹಾಕುತ್ತಿದ್ದರು. ಶವಯಾತ್ರೆಗಳು ಆ ಸಂದಿಯ ಮೂಲಕವೇ ಹಾದು ಸಮಾಧಿಯತ್ತ ಹೋಗುತ್ತಿದ್ದವೆಂದೂ ಹೇಳಲಾಗಿದೆ. 1833ರಲ್ಲಿ ಮರವನ್ನು ನೋಡಿದ ಸಸ್ಯತಜ್ಞ ಪ್ಯಾಟ್ರಿಕ್ ನೀಲ್ ಇನ್ನೊಂದು ಕಾರಣವನ್ನು ಸೇರಿಸುತ್ತಾರೆ. 1769ರ ನಂತರ ದೊಡ್ಡ ಕೊಂಬೆಗಳನ್ನೂ ಕಾಂಡದ ದಿಮ್ಮಿಗಳನ್ನೂ ಕಡಿದು ಒಯ್ದು, ಪಾನಪಾತ್ರೆಗಳನ್ನೂ ನೆನಪಿನ ವಸ್ತುಗಳನ್ನೂ ಮಾಡಿಕೊಂಡಿದ್ದಾರೆ ಎಂಬುದು ಅವರ ದೂರು. ಮರವನ್ನು ಕಾಯಲೆಂದು 1785ರಲ್ಲೇ ಸುತ್ತ ಗೋಡೆ ಎದ್ದಿತ್ತು ಎಂಬುದನ್ನು ನೆನೆದರೆ, ಗೋಡೆ ದಾಟಿಯೂ ಎಷ್ಟು ಕೈಗಳು ಒಳಗೆ ಹೋಗಿರಬೇಕೆಂದು ತಿಳಿಯುತ್ತದೆ.

ಇಷ್ಟೆಲ್ಲ ಆದರೂ ಮರ ಸಾಯಲಿಲ್ಲ. ಟೊಳ್ಳಾಗುವುದು ಯೂ ಮರಕ್ಕೆ ಕಾಯಿಲೆಯಲ್ಲ. ನೀರು, ಆಹಾರಗಳು ಸಾಗುವುದು ತೊಗಟೆಯ ಹತ್ತಿರದ ಎಳೆಯ ಪದರಗಳಲ್ಲಿ; ನಡುವಿನ ಚೇಗು ಹೋದರೂ ಹೊರಕವಚ ಬದುಕಿರುತ್ತದೆ, ಬಿರುಗಾಳಿಯಲ್ಲಿ ಬಾಗುವ ಗುಣವೂ ಸ್ವಲ್ಪ ಹೆಚ್ಚುತ್ತದೆ. ಕೆಲವು ಮುದಿ ಯೂ ಮರಗಳಲ್ಲಿ ಮೇಲಿನ ಜೀವಂತ ಭಾಗದಿಂದ ಒಂದು ಬೇರು ಟೊಳ್ಳಿನೊಳಗೆ, ಆಲದ ಬಿಳಲಿನಂತೆ, ಕೆಳಗಿಳಿದು ನೆಲ ಹಿಡಿದು, ಕಾಲಾನಂತರದಲ್ಲಿ ತಾನೇ ಹೊಸ ಕಾಂಡವಾಗಿ ನಿಲ್ಲುತ್ತದೆ. ನೆಲಕ್ಕೆ ತಾಗಿದ ಕೊಂಬೆಗಳೂ ಬೇರು ಬಿಡುತ್ತವೆ. ಎಷ್ಟೇ ಹಳೆಯ ಬೊಡ್ಡೆಯಾದರೂ ಹೊಸ ಚಿಗುರು ಹೊರಡಿಸಬಲ್ಲದು. ಸೂಜಿಯೆಲೆಯ ಮರಗಳಲ್ಲಿ ಇದು ಅಪರೂಪದ ಶಕ್ತಿ.

ಯೂ ಮರಗಳು ಚರ್ಚಿನ ಅಂಗಳಗಳಲ್ಲೇ ಯಾಕೆ ಹೀಗೆ ಉಳಿದಿವೆ ಎಂಬುದಕ್ಕೆ ಹಲವು ಕಾರಣಗಳನ್ನು ಹೇಳುತ್ತಾರೆ. ಎಲ್ಲರಿಗೂ ಪ್ರಿಯವಾದದ್ದು ಬಿಲ್ಲಿನ ಕಾರಣ. ಯೂ ಮರದ ಹೊರಭಾಗ ಎಳೆತವನ್ನೂ ಒಳಗಿನ ಚೇಗು ಒತ್ತಡವನ್ನೂ ತಾಳಬಲ್ಲದಾದ್ದರಿಂದ ಎರಡೂ ಸೇರಿದ ಒಂದೇ ಸೀಳಿನಿಂದ ಒಳ್ಳೆಯ ನೀಳಬಿಲ್ಲು ಆಗುತ್ತದೆ ಎಂಬುದು ನಿಜ. 1545ರಲ್ಲಿ ಮುಳುಗಿದ ಮೇರಿ ರೋಸ್ ಯುದ್ಧನೌಕೆಯಿಂದ ಅಂಥ ಬಿಲ್ಲುಗಳು ನೂರಕ್ಕೂ ಹೆಚ್ಚು ಸಿಕ್ಕಿವೆ. ಆದರೆ ಇಂಗ್ಲೆಂಡಿನ ಸೈನ್ಯ ನೆಚ್ಚಿಕೊಂಡದ್ದು ಹೊರದೇಶದಿಂದ ಬರುವ ನೇರ ಎಳೆಯ ಮರವನ್ನು. ಬಂದರಿಗೆ ಬರುವ ಹಡಗುಗಳು ಸರಕಿನ ತೂಕಕ್ಕೆ ತಕ್ಕಂತೆ ಬಿಲ್ಲಿನ ಪಟ್ಟಿಗಳನ್ನು ತರಲೇಬೇಕೆಂದು 1472ರಲ್ಲಿ ಕಾಯಿದೆಯೇ ಆಯಿತು. ಅಂಗಳದ ಗಂಟುಮರಗಳಿಂದ ಕೆಲಸ ಆಗುತ್ತಿದ್ದರೆ ಆ ಕಾಯಿದೆ ಬೇಕಿರಲಿಲ್ಲ. ಮರದ ವಿಷಕ್ಕೆ ಹೆದರಿ ದನಗಾಹಿಗಳು ಸಮಾಧಿಗಳ ನಡುವೆ ದನ ನುಗ್ಗಿಸುವುದಿಲ್ಲ ಎಂಬುದು ಎರಡನೆಯ ವಾದ. ಖರ್ಜೂರದ ಗರಿ ಸಿಗದ ಚಳಿ ನಾಡಿನಲ್ಲಿ ಗರಿಗಳ ಭಾನುವಾರಕ್ಕೆ ಯೂ ರೆಂಬೆಗಳನ್ನೇ ಬಳಸುತ್ತಿದ್ದರು ಎಂಬುದು ಮೂರನೆಯದು. ಇವೆಲ್ಲ ಮರವನ್ನು ಉಳಿಸಿಕೊಳ್ಳಲು ಕಾರಣಗಳಾಗಬಲ್ಲವೇ ಹೊರತು, ಚರ್ಚಿಗಿಂತ ಹಳೆಯ ಮರವನ್ನು ವಿವರಿಸಲಾರವು. ಅದಕ್ಕೆ ನನಗೆ ಹೆಚ್ಚು ಒಪ್ಪಿಗೆಯಾಗುವುದು 601ರಲ್ಲಿ ಪೋಪ್ ಗ್ರೆಗರಿ ಬರೆದ ಒಂದು ಪತ್ರ. ಧರ್ಮಪ್ರಚಾರಕ್ಕೆಂದು ಇಂಗ್ಲೆಂಡಿಗೆ ಹೊರಟಿದ್ದ ಪಾದ್ರಿ ಮೆಲಿಟಸ್‌ಗೆ ಅವರು ಕೊಟ್ಟ ಸಲಹೆಯೆಂದರೆ, ಹಳೆಯ ಪೂಜಾಸ್ಥಳಗಳನ್ನು ಒಡೆಯಬೇಡಿ, ಅವನ್ನೇ ಶುದ್ಧಿಮಾಡಿ ಬಳಸಿಕೊಳ್ಳಿ. ಜನ ತಾವು ಕಂಡುಂಡ ಜಾಗಕ್ಕೆ ಬರಲು ಹಿಂಜರಿಯುವುದಿಲ್ಲ. ಆ ಪತ್ರದಲ್ಲಿ ಮರದ ಮಾತಿಲ್ಲ ಎಂಬುದು ನಿಜ, ಆದರೂ ಅದರ ನೀತಿ ಮರಗಳಿರುವ ಜಾಗಕ್ಕೂ ಸಲ್ಲುತ್ತದೆ.

ಫೋರ್ಟಿಂಗಲ್ ಒಂಟಿಯೇನಲ್ಲ. ಉತ್ತರ ವೇಲ್ಸ್‌ನ ಲಾನ್‌ಗರ್ನಿವ್ ಊರಿನ ಸಂತ ಡಿಗೈನ್ ಚರ್ಚಿನ ಯೂ ಮರವೂ ಸಾವಿರಾರು ವರ್ಷದ್ದೆಂದು ಹೆಸರಾಗಿದೆ. ಅದರ ಸೀಳಿದ ಕಾಂಡದ ನಡುವೆ ಬಹುಕಾಲ ಚರ್ಚನ್ನು ಬೆಚ್ಚಗಿಡುವ ಎಣ್ಣೆಯ ಟ್ಯಾಂಕು ಕೂತಿತ್ತು. ಯಾರಿಗೂ ಅದು ವಿಚಿತ್ರವಾಗಿ ಕಂಡಿರಲಿಲ್ಲ, ಯಾಕೆಂದರೆ ಖಾಲಿ ಜಾಗ ಇತ್ತು. ಸರ್ರೆಯ ಕ್ರೌಹರ್ಸ್ಟ್‌ನಲ್ಲಿ 1820ರ ಸುಮಾರಿಗೆ ಊರವರು ಯೂ ಮರದ ಪೊಟರೆಯನ್ನು ಕೊರೆದು ಹಿಗ್ಗಿಸಿ, ಒಳಗೆ ಬೆಂಚು ಹಾಕಿ, ಬಾಗಿಲನ್ನೂ ಕೂರಿಸಿದರು. ಕೊರೆಯುವಾಗ ಮರದೊಳಗೆ ಒಂದು ಫಿರಂಗಿ ಗುಂಡು ಸಿಕ್ಕಿತು. ಹ್ಯಾಂಪ್‌ಶೈರಿನ ಸೆಲ್‌ಬೋರ್ನ್‌ನ ಮರದ ಕಥೆ ಮಾತ್ರ ಬೇರೆ. ಅಲ್ಲಿನ ಪಾದ್ರಿಯೂ ನಿಸರ್ಗತಜ್ಞರೂ ಆಗಿದ್ದ ಗಿಲ್ಬರ್ಟ್ ವೈಟ್ ಹದಿನೆಂಟನೆಯ ಶತಮಾನದಲ್ಲಿ ಅದರ ಸುತ್ತಳತೆಯನ್ನು 23 ಅಡಿ ಎಂದು ಬರೆದಿಟ್ಟಿದ್ದರು. 1990ರ ಜನವರಿ 25ರ ಬಿರುಗಾಳಿಯಲ್ಲಿ ಅದು ಬುಡಸಮೇತ ಉರುಳಿತು, ಬೇರುಗಳ ಗುಂಡಿಯಲ್ಲಿ ಹಳೆಯ ಸಮಾಧಿಗಳು ಬಯಲಾದವು. ಕೊಂಬೆಗಳನ್ನು ಕತ್ತರಿಸಿ ಹಗುರ ಮಾಡಿ ಬೊಡ್ಡೆಯನ್ನು ಮತ್ತೆ ನಿಲ್ಲಿಸಿ ನೆಟ್ಟರು, ಅದು ಹಿಡಿಯಲಿಲ್ಲ. ಅದರದೇ ಕಡ್ಡಿಯಿಂದ ಬೆಳೆಸಿದ ಗಿಡವೊಂದು ಈಗ ಆ ಅಂಗಳದಲ್ಲಿ ಬೆಳೆಯುತ್ತಿದೆ.

ಯೂ ಮರದ ವಿಷದ ಬಗ್ಗೆ ಒಂದು ಮಾತು. ಎಲೆ, ತೊಗಟೆ, ಬೀಜ ಎಲ್ಲದರಲ್ಲೂ ಹೃದಯದ ಬಡಿತವನ್ನೇ ಕೆಡಿಸುವ ವಿಷವಿದೆ. ಬೀಜವನ್ನು ಸುತ್ತಿರುವ ಕೆಂಪು ತಿರುಳೊಂದು ಮಾತ್ರ ವಿಷವಲ್ಲ. ಹಕ್ಕಿಗಳು ಅದನ್ನು ತಿಂದು, ಬೀಜವನ್ನು ಜೀರ್ಣಿಸದೆ ಹೊರಹಾಕಿ, ಮರವನ್ನು ಹರಡುತ್ತವೆ. ಇದರ ಅಮೆರಿಕದ ದಾಯಾದಿ ಮರದ ತೊಗಟೆಯಿಂದಲೇ ಕ್ಯಾನ್ಸರ್ ಔಷಧ ಪ್ಯಾಕ್ಲಿಟ್ಯಾಕ್ಸೆಲ್ ದೊರೆಯಿತು. 1971ರಲ್ಲಿ ಅದರ ರಚನೆಯನ್ನು ಪ್ರಕಟಿಸಿದ ತಂಡದಲ್ಲಿ ಮನ್ರೋ ವಾಲ್ ಅವರೊಡನೆ ಭಾರತ ಮೂಲದ ರಸಾಯನಶಾಸ್ತ್ರಜ್ಞ ಮನ್ಸುಖ್ ವಾನಿ ಇದ್ದರು. ತೊಗಟೆ ಸುಲಿದರೆ ಮರ ಸಾಯುತ್ತದೆ. ಯುರೋಪಿನ ಯೂ ಮರದ ಎಲೆಯಿಂದಲೇ ಮೂಲವಸ್ತು ತೆಗೆಯುವ ದಾರಿ ಆಮೇಲೆ ಸಿಕ್ಕಿತು.

ಯೂ ಮರಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಫೋರ್ಟಿಂಗಲ್‌ನದು ಪರಾಗ ಚೆಲ್ಲುವ ಗಂಡು ಮರವೆಂದೇ ಎಲ್ಲ ದಾಖಲೆಗಳಲ್ಲೂ ಇತ್ತು. 2015ರಲ್ಲಿ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನ ಮ್ಯಾಕ್ಸ್ ಕೋಲ್‌ಮನ್ ಅವರು ಅದರ ಹೊರ ಅಂಚಿನ ಒಂದು ಸಣ್ಣ ಕೊಂಬೆಯಲ್ಲಿ ಮೂರು ಕೆಂಪು ಹಣ್ಣುಗಳನ್ನು ಕಂಡರು. ಆ ಒಂದು ಕೊಂಬೆ ಹೆಣ್ಣಾಗಿತ್ತು, ಉಳಿದ ಮರವೆಲ್ಲ ಗಂಡಾಗಿಯೇ ಇತ್ತು. ಪತ್ರಿಕೆಗಳು ಇದನ್ನು ಮರದ ಲಿಂಗ ಪರಿವರ್ತನೆ ಎಂದು ದೊಡ್ಡಕ್ಷರದಲ್ಲಿ ಬರೆದವು. ಸಸ್ಯತಜ್ಞರಿಗೆ ಇದು ಅಪರೂಪವಾದರೂ ಕೇಳರಿಯದ ಸಂಗತಿಯಲ್ಲ. ಬೇರೆ ಸೂಜಿಯೆಲೆಯ ಮರಗಳಲ್ಲೂ ಒಂದೊಂದು ಕೊಂಬೆ ಹೀಗೆ ಬದಲಾಗುವುದುಂಟು. ಹಣ್ಣುಗಳಿಂದ ಬೀಜ ತೆಗೆದು ಬೆಳೆಸಲು ಒಯ್ದರು.

ಮುಂದಿನ ಕಾಳಜಿಯ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಬ್ರಿಟನ್ನಿನಲ್ಲಿ ಹಳೆಯ ಚರ್ಚಿನ ಕಟ್ಟಡ ಸಂರಕ್ಷಿತ ಪಟ್ಟಿಗೆ ಸೇರಿದರೆ ಅದರ ಒಂದು ಕಿಟಕಿಯನ್ನು ಬದಲಿಸಲೂ ಅನುಮತಿ ಬೇಕು. ಅದೇ ಅಂಗಳದ ಮರಕ್ಕೆ, ಅದು ಕಟ್ಟಡದ ಹತ್ತುಪಟ್ಟು ಹಳೆಯದಾದರೂ, ವಯಸ್ಸೊಂದರಿಂದಲೇ ತಾನಾಗಿ ಬರುವ ರಕ್ಷಣೆಯಿಲ್ಲ. ಸ್ಥಳೀಯ ಆಡಳಿತ ಪ್ರತ್ಯೇಕವಾಗಿ ಆದೇಶ ಹೊರಡಿಸಬೇಕು, ಇಲ್ಲವೇ ಚರ್ಚಿನ ಒಳನಿಯಮಗಳು ಕಾಯಬೇಕು. ಇನ್ನು ಫೋರ್ಟಿಂಗಲ್‌ನ ಗೋಡೆ. ಅದು ಎರಡು ಶತಮಾನ ಮರವನ್ನು ಕೊಡಲಿಯಿಂದ ಸ್ವಲ್ಪಮಟ್ಟಿಗಾದರೂ ಕಾಯಿತು, ನಿಜ. ಆದರೆ ಕೊಂಬೆ ಬಾಗಿ, ನೆಲ ಮುಟ್ಟಿ, ಬೇರು ಬಿಟ್ಟು ಹೊರಕ್ಕೆ ಹೆಜ್ಜೆಯಿಡುವ ಮರವನ್ನು ಅದು ಚೌಕಟ್ಟಿನೊಳಗೂ ಹಿಡಿದಿಟ್ಟಿತು. ಗೋಡೆ ಇದ್ದರೂ ಸಂದರ್ಶಕರು ಒಳಗೆ ಕೈಚಾಚಿ ರೆಂಬೆ ಮುರಿದುಕೊಳ್ಳುವುದು, ಮಣಿ, ರಿಬ್ಬನ್ನುಗಳನ್ನು ಕಟ್ಟುವುದು ನಿಂತಿಲ್ಲ. ಇದರಿಂದ ಮರ ಬಳಲುತ್ತಿದೆ ಎಂದು 2019ರಲ್ಲಿ ಅದನ್ನು ನೋಡಿಕೊಳ್ಳುವವರೇ ಎಚ್ಚರಿಸಿದ್ದರು. 1833ಕ್ಕೂ ಮೊದಲು ಪಾನಪಾತ್ರೆಗಾಗಿ ದಿಮ್ಮಿ ಒಯ್ದವನಿಗೂ ಇಂದು ಜೇಬಿನಲ್ಲಿ ಚಿಗುರು ಒಯ್ಯುವವನಿಗೂ ಮರದ ಮೇಲಿರುವುದು ಒಂದೇ ಬಗೆಯ ಪ್ರೀತಿ, ಪ್ರಮಾಣ ಮಾತ್ರ ಬೇರೆ.

ಎಡಿನ್‌ಬರೋದ ಸಸ್ಯೋದ್ಯಾನದವರು ಈ ಮರದಿಂದಲೂ ಇಂಥ ಇತರ ಹಳೆಯ ಯೂ ಮರಗಳಿಂದಲೂ ಕಡ್ಡಿಗಳನ್ನು ತಂದು ಬೆಳೆಸಿ, ತಮ್ಮ ತೋಟದ ಬೇಲಿಯಾಗಿ ನೆಡುತ್ತಿದ್ದಾರೆ. ಕಡ್ಡಿಯಿಂದ ಬಂದ ಗಿಡ ತಾಯಿಮರದ ತದ್ರೂಪವಾದ್ದರಿಂದ ತಳಿ ಉಳಿಯುತ್ತದೆ. ಇದು ಒಳ್ಳೆಯ ಕೆಲಸ, ಇನ್ನಷ್ಟು ಕಡೆ ಆಗಬೇಕಾದ ಕೆಲಸ. ಅದರ ಜೊತೆಗೇ ಮೂಲ ಮರದ ಸುತ್ತಲಿನ ಕಟ್ಟನ್ನು ಈಗಿರುವುದಕ್ಕಿಂತ ಕೆಲವು ಮೀಟರ್ ಹೊರಗೆ ಸರಿಸಿ, ಬೇರಿನ ಮೇಲೆ ಜನ ತುಳಿಯದಂತೆ ದಾರಿಯನ್ನು ದೂರ ಮಾಡಿ, ಬಾಗುವ ಕೊಂಬೆಗೆ ಇಳಿಯಲು ಮಣ್ಣು ಬಿಟ್ಟುಕೊಡುವುದು ಸಾಧ್ಯವೇ ಎಂಬುದನ್ನು ಪರಿಶೀಲಿಸಬೇಕೆಂದು ನನ್ನ ವಾದ. ಸುತ್ತ ಸಮಾಧಿಗಳಿರುವುದರಿಂದ ಇದು ಸುಲಭವಲ್ಲ. ಒಂದೊಂದು ಮೀಟರಿಗೂ ಚರ್ಚಿನವರ, ಸಮಾಧಿಗಳ ವಾರಸುದಾರರ, ಪುರಾತತ್ತ್ವದವರ ಒಪ್ಪಿಗೆ ಬೇಕಾಗುತ್ತದೆ.